ಕಣ್ಣಿನ ಹಿಂದಿನ ಗಡ್ಡೆ: ಸ್ಕ್ಯಾನ್ ಒಂದೇ ಸಾಲದೇ?

ಪ್ರಶ್ನೆ: ಏಳು ವರ್ಷದ ಮಗನ ಒಂದು ಕಣ್ಣು ಮುಂದಕ್ಕೆ ಉಬ್ಬಿದೆ. ಎಂ.ಆರ್.ಐ. ನೋಡಿದ ವೈದ್ಯರು, ರಕ್ತದ ಕ್ಯಾನ್ಸರಿಗೆ ಸಂಬಂಧಿಸಿದ ಗಡ್ಡೆಯಿರಬಹುದೆಂದು ಬಯಾಪ್ಸಿಗೆ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದಕ್ಕೆ) ಸೂಚಿಸಿದ್ದಾರೆ. ಅದು ಅಗತ್ಯವೇ?

ಉತ್ತರ: ಖಂಡಿತ ಅಗತ್ಯ. ವೈದ್ಯರು ಶಂಕಿಸಿರುವುದು ಬಹುಶಃ ಮೈಲಾಯ್ಡ್ ಸಾರ್ಕೋಮಾ. ಅಸ್ಥಿಮಜ್ಜೆಯ ಬಲಿಯದ ರಕ್ತಕಣಗಳು ಮೃದು ಅಂಗಾಂಶದಲ್ಲಿ ಗುಂಪುಗಟ್ಟಿ ಆಗುವ ಈ ಅಪರೂಪದ ಗಡ್ಡೆ, ಕೊಯ್ದಾಗ ಕೆಲವೊಮ್ಮೆ ಹಸಿರಾಗಿ ಕಾಣುವುದರಿಂದ, 1853ರಲ್ಲಿ ಕ್ಲೋರೋಮಾ ಎಂಬ ಹೆಸರು ಪಡೆಯಿತು. ಎಂ.ಆರ್.ಐ.ಯ ಟಿ1 ಎಂಬ ಬಗೆಯ ಚಿತ್ರದಲ್ಲಿ ಇದು ಸಾಮಾನ್ಯವಾಗಿ ಪಕ್ಕದ ಸ್ನಾಯುವಿನಷ್ಟೇ ಬೂದಾಗಿ, ಟಿ2 ಎಂಬ ಇನ್ನೊಂದು ಬಗೆಯ ಚಿತ್ರದಲ್ಲಿ ತುಸು ಬೆಳ್ಳಗೆ ಕಾಣುತ್ತದೆ, ಕಾಂಟ್ರಾಸ್ಟ್ ಎಂಬ ದ್ರವವನ್ನು ರಕ್ತನಾಳಕ್ಕೆ ಕೊಟ್ಟಾಗ ಇಡಿಯಾಗಿ ಹೊಳೆಯುತ್ತದೆ. ಆದರೆ ಲಿಂಫೋಮಾ (ಬಿಳಿ ರಕ್ತಕಣಗಳ ಇನ್ನೊಂದು ಬಗೆಯ ಕ್ಯಾನ್ಸರ್) ಕೂಡ ಹೆಚ್ಚುಕಡಿಮೆ ಹೀಗೆಯೇ ಕಾಣುವುದೇ ತೊಡಕು; ಯಾವುದೆಂದು ಬಯಾಪ್ಸಿಯಿಂದಲೇ ತಿಳಿಯಬೇಕು. ಗಡ್ಡೆ ಎಲ್ಲಿಯವರೆಗೆ ಹಬ್ಬಿದೆ, ಸೂಜಿ ಎಲ್ಲಿ ಹಾಕಬೇಕು ಎಂಬುದನ್ನು ಸ್ಕ್ಯಾನ್ ತಿಳಿಸುತ್ತದೆ. ದೇಹದ ಬೇರೆಡೆ ಅಡಗಿರುವ ಗಡ್ಡೆಗಳನ್ನು ಪೆಟ್-ಸಿ.ಟಿ. ಎಂಬ ಇನ್ನೊಂದು ಸ್ಕ್ಯಾನ್ ಪತ್ತೆಹಚ್ಚಬಲ್ಲದು. ರಕ್ತಪರೀಕ್ಷೆ ಸರಿಯಿದೆಯೆಂದು ಬಯಾಪ್ಸಿಯನ್ನು ಮುಂದೂಡಬೇಡಿ. ರಕ್ತದಲ್ಲಿ ರೋಗ ಕಾಣಿಸುವ ಎಷ್ಟೋ ತಿಂಗಳು ಮೊದಲೇ ಗಡ್ಡೆ ತಲೆದೋರುವುದುಂಟು.