ಪ್ರತಿಕ್ರಿಯೆ: ರತ್ನಗಿರಿ ಉದ್ಯಾನಕ್ಕೆ ಮ್ಯಾಪ್ ಹಾಕಿದರೆ ಕಾಫಿ ಎಸ್ಟೇಟಿನ ದಾರಿ ತೋರಿಸುತ್ತಿದೆ

ಹಾಸನದಿಂದ ಚಿಕ್ಕಮಗಳೂರಿನ ರತ್ನಗಿರಿ ಉದ್ಯಾನಕ್ಕೆ ಮಕ್ಕಳನ್ನು ಕರೆತರುವ ನಿಮ್ಮ ವ್ಯಾನಿಗೆ ಮ್ಯಾಪ್ ಬಾಬಾಬುಡನ್‌ಗಿರಿಯ ದಾರಿಯನ್ನು ತೋರಿಸುತ್ತಿರುವುದಕ್ಕೆ ಕಾರಣ, ಬಹುಶಃ, ನೀವು 'ರತ್ನಗಿರಿ' ಎಂದಷ್ಟೇ ಬರೆದು ಹುಡುಕಿರುವುದು. ಆ ಹೆಸರಿನ ಸ್ಥಳಗಳು ಚಿಕ್ಕಮಗಳೂರಿನಲ್ಲಿ ಎರಡಿವೆ: ಒಂದು ಊರೊಳಗಿನ ರತ್ನಗಿರಿ ಬೋರೆ ಎಂಬ ಗುಡ್ಡ, ಇನ್ನೊಂದು ಬಾಬಾಬುಡನ್‌ಗಿರಿ ಭಾಗದ ಕಾಫಿ ಎಸ್ಟೇಟ್. ಮಹಾರಾಷ್ಟ್ರದ ರತ್ನಾಗಿರಿಯೂ ಹುಡುಕಾಟದಲ್ಲಿ ಆಗಾಗ ತಲೆಹಾಕುವುದುಂಟು.

ಬೋರೆಯ ಮೇಲಿನ ಸಾರ್ವಜನಿಕ ಉದ್ಯಾನಕ್ಕೆ ಮಹಾತ್ಮ ಗಾಂಧಿ ಉದ್ಯಾನವೆಂಬ ಹೆಸರಿರುವುದರಿಂದ, ಮೊದಲು 'ಮಹಾತ್ಮ ಗಾಂಧಿ ಪಾರ್ಕ್, ಚಿಕ್ಕಮಗಳೂರು' ಎಂದು ಹುಡುಕಿ. ಕನ್ನಡದಲ್ಲಿ ಸಿಗದಿದ್ದರೆ ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿ. ಬಳಿಕ ಗುರುತು ಪೇಟೆಯ ಬೀದಿಗಳ ನಡುವೆಯೇ ಬಿದ್ದಿದೆಯೇ ಎಂಬುದನ್ನು ನಕ್ಷೆಯನ್ನು ದೊಡ್ಡದು ಮಾಡಿ ಖಚಿತಪಡಿಸಿಕೊಂಡು, ಆ ಗುರುತನ್ನೇ ಚಾಲಕರಿಗೆ ಕಳುಹಿಸಿ. ಬರೀ ಹೆಸರು ಹೇಳಿದರೆ ಅವರ ಫೋನಿನಲ್ಲಿ ಮತ್ತೆ ಎಸ್ಟೇಟೇ ಬರಬಹುದು. ಹಳೆಯ ಹುಡುಕಾಟ ಉಳಿದುಕೊಂಡಿದ್ದರೆ ಅದನ್ನು ಅಳಿಸುವುದೂ ಒಳಿತು.

ಬೇಲೂರು ಮಾರ್ಗವಾಗಿ ಊರು ಸೇರಿದ ಮೇಲೆ ಬಸ್ ನಿಲ್ದಾಣದ ಬಳಿ ಯಾವ ಆಟೋದವರನ್ನು ಕೇಳಿದರೂ 'ಬೋರೆ' ಎಂದರೆ ಸಾಕು, ದಾರಿ ತೋರಿಸುತ್ತಾರೆ. ನನ್ನ ಮಟ್ಟಿಗೆ ಮ್ಯಾಪಿಗಿಂತ ಇದೇ ವಾಸಿ. ಕೈಮರದ ಚೆಕ್‌ಪೋಸ್ಟ್ ಎದುರಾಯಿತೆಂದರೆ ಮಾತ್ರ ನೀವು ಊರು ದಾಟಿ ಗಿರಿಯ ರಸ್ತೆ ಹಿಡಿದಿದ್ದೀರಿ ಎಂದರ್ಥ. ಮುಂದಿನದು ಕಡಿದಾದ ತಿರುವುಗಳ ಘಟ್ಟದ ರಸ್ತೆಯಾದ್ದರಿಂದ, ವ್ಯಾನನ್ನು ಅಲ್ಲಿಂದಲೇ ಹಿಂದಕ್ಕೆ ತಿರುಗಿಸಿ.