ಪೆನ್‌ಡ್ರೈವ್ ಒಂದ್ಸಲ ಕಾಣುತ್ತೆ ಒಂದ್ಸಲ ಕಾಣಲ್ಲ, ರಿಲೀಸ್ ಮಾಡ್ಬಹುದಾ?

ಪ್ರಶ್ನೆ: ಸರ್, ನಾವು ನಾಲ್ಕು ಜನ ಫ್ರೆಂಡ್ಸ್ ಸೇರ್ಕೊಂಡು ಕ್ಯೂಇಎಂಯು ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಮೇಲೆ ಒಂದು ವರ್ಚುವಲ್ ಮಷೀನ್ (ವಿಎಂ) ಸಾಫ್ಟ್‌ವೇರ್ ಮಾಡ್ತಿದ್ದೀವಿ. ಶಾಲೆ ಲ್ಯಾಬಲ್ಲಿರೋ ಕಂಪ್ಯೂಟರಲ್ಲಿ ಒಂದು ಕಿಟಕಿ ಒಳಗೆ ಹಳೇ ವಿಂಡೋಸೋ ಲಿನಕ್ಸೋ ಓಡ್ಬೇಕು, ಮೆನು ಎಲ್ಲಾ ಕನ್ನಡದಲ್ಲಿರ್ಬೇಕು ಅನ್ನೋದು ನಮ್ಮಾಸೆ. ಕೀಬೋರ್ಡು, ಮೌಸು, ಡಿಸ್ಕು, ನೆಟ್‌ವರ್ಕು, ಸೌಂಡು ಇಷ್ಟು ಆಗಿದೆ. ಪೆನ್‌ಡ್ರೈವ್ ಒಂದ್ಸಲ ಕಾಣುತ್ತೆ ಒಂದ್ಸಲ ಕಾಣಲ್ಲ, ವೆಬ್‌ಕ್ಯಾಮ್ ಆಗೇ ಇಲ್ಲ, ಪ್ರಿಂಟರ್ ಇನ್ನೂ ಮುಟ್ಟೇ ಇಲ್ಲ. ಇಬ್ಬರು ಈಗ್ಲೇ ಜನರಿಗೆ ಬಿಡೋಣ ಅಂತಾರೆ, ಇನ್ನಿಬ್ಬರು ಎಲ್ಲಾ ಮುಗಿಸಿಯೇ ಬಿಡೋಣ ಅಂತಾರೆ, ಮಾತು ಜಗಳದ ತನಕ ಹೋಗಿದೆ. ನೀವೇನಂತೀರಿ?
– ಮೈಸೂರಿನ ಓದುಗರು

ಉತ್ತರ: ಬಿಡಿ. ಈ ತಿಂಗಳೇ ಬಿಡಿ. ಆದ್ರೆ ಆ ಒಂದ್ಸಲ ಕಾಣೋ ಒಂದ್ಸಲ ಕಾಣದ ಪೆನ್‌ಡ್ರೈವ್ ಇದ್ಯಲ್ಲ, ಅದನ್ನ ಸದ್ಯಕ್ಕೆ ಪೂರ್ತಿ ತೆಗೆದು ಹಾಕಿ ಆಮೇಲೆ ಬಿಡಿ. ವೆಬ್‌ಕ್ಯಾಮ್ ಇಲ್ಲ ಅಂದ್ರೆ ಯಾರಿಗೂ ಏನೂ ಆಗಲ್ಲ, ಪ್ರಿಂಟರ್ ಇಲ್ಲ ಅಂದ್ರೆ ಜನ ಇನ್ನೊಂದು ದಾರಿ ನೋಡ್ಕೋತಾರೆ, ನಿಮ್ಮ ಪತ್ರದಲ್ಲಿ ನನಗೆ ಭಯ ಆಗಿದ್ದು ಆ ಅರ್ಧಂಬರ್ಧ ಆಗಿರೋದನ್ನ ಓದಿದಾಗ.

ಯಾಕೆ ಅಂತ ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ. ನನ್ನ ಸ್ನೇಹಿತರದ್ದೊಂದು ಸಣ್ಣ ಪ್ರೆಸ್ಸು. ಅಲ್ಲಿ ಹಳೇ ಕನ್ನಡ ಡಿಟಿಪಿ ಸಾಫ್ಟ್‌ವೇರ್ ಒಂದಿತ್ತು, ಅದು ಓಡ್ಬೇಕಂದ್ರೆ ಹಿಂದುಗಡೆ ಒಂದು ಡಾಂಗಲ್ ಚುಚ್ಚಿರ್ಬೇಕು, ಕಿರುಬೆರಳಷ್ಟು ಉದ್ದದ್ದು, ಎಲ್ರೂ ಅದನ್ನ ಲಾಕು ಅಂತಲೇ ಕರೀತಿದ್ರು. ಹಳೇ ಕಂಪ್ಯೂಟರ್ ಪದೇ ಪದೇ ಆಫ್ ಆಗೋಕೆ ಶುರು ಆಯ್ತು ಅಂತ ಹೊಸದು ತಂದ್ರು, ಹೊಸದ್ರಲ್ಲಿ ಆ ಸಾಫ್ಟ್‌ವೇರ್ ಓಡಲ್ಲ. ಸರಿ ಅಂತ ನಾನೇ ಕೂತು ಒಂದು ವರ್ಚುವಲ್ ಮಷೀನ್ ಹಾಕಿ ಅದ್ರೊಳಗೆ ಹಳೇ ವಿಂಡೋಸ್ ಹಾಕ್ಕೊಟ್ಟೆ. ಆ ವಿಎಂ ಮೆನುವಿನಲ್ಲಿ ಡಾಂಗಲ್ ಹೆಸರು ಕಾಣಿಸ್ತು, ಟಿಕ್ ಮಾಡಿದ್ವಿ, ಸಾಫ್ಟ್‌ವೇರ್ ಓಪನ್ ಆಯ್ತು, ಎಲ್ರಿಗೂ ಚಹಾ ಬಂತು. ಒಂದು ಶಾಲೆಯ ಸ್ಮರಣ ಸಂಚಿಕೆ ಕೆಲಸ ನಡೀತಿತ್ತು. ಇಪ್ಪತ್ತು ನಿಮಿಷ ಆಗಿರ್ಬೇಕು, ಪರದೆ ನಡುವೆ ಲಾಕ್ ಸಿಗ್ತಿಲ್ಲ ಅಂತ ಒಂದು ಬಾಕ್ಸು, ಅದ್ರಲ್ಲಿ ಓಕೆ ಅನ್ನೋದೊಂದೇ ಬಟನ್ನು, ಒತ್ತಿದ್ರೆ ಸಾಫ್ಟ್‌ವೇರೇ ಮುಚ್ಕೊಂಡು ಹೋಯ್ತು, ಸೇವ್ ಮಾಡದೇ ಇದ್ದ ಪುಟ ಎಲ್ಲಾ ಹೋಯ್ತು. ಅಂಥ ಸಾಫ್ಟ್‌ವೇರ್ ಆಗಾಗ ಲಾಕ್ ಇದ್ಯಾ ಅಂತ ಕೇಳ್ತಾನೇ ಇರುತ್ತೆ, ವಿಎಂ ಎಲ್ಲೋ ಒಂದ್ಸಲ ಉತ್ತರ ತಲುಪಿಸೋದು ತಪ್ಪಿಸ್ತಿತ್ತು. ಮೂರನೇ ಸಲ ಹೋದ್ಮೇಲೆ ಅಲ್ಲಿ ಟೈಪ್ ಮಾಡ್ತಿದ್ದ ಅಕ್ಕ ಒಂದೊಂದು ಸಾಲಿಗೂ ಕಂಟ್ರೋಲ್ ಎಸ್ ಒತ್ತೋಕೆ ಶುರು ಮಾಡಿದ್ರು. ರಾತ್ರಿ ಹನ್ನೊಂದಕ್ಕೂ ಅವರು ಅದೇ ಪುಟ ಮತ್ತೆ ಟೈಪ್ ಮಾಡ್ತಾ ಕೂತಿದ್ರು, ನನಗೆ ಅವರ ಮುಖ ನೋಡೋಕಾಗ್ಲಿಲ್ಲ. ಆ ವಿಎಂ ಮೊದಲ್ನೇ ನಿಮಿಷದಲ್ಲೇ ಈ ಡಾಂಗಲ್ ನನ್ನ ಕೈಲಿ ಆಗಲ್ಲ ಅಂದಿದ್ರೆ ನಾವು ಹಳೇ ಕಂಪ್ಯೂಟರಿಗೆ ಒಂದು ಹೊಸ ಎಸ್‌ಎಂಪಿಎಸ್, ಅಂದ್ರೆ ಒಳಗೆ ಕರೆಂಟ್ ಕೊಡೋ ಡಬ್ಬಿ, ಹಾಕಿಸಿ ಸುಮ್ನೆ ಕೆಲಸ ಮುಗಿಸ್ತಿದ್ವಿ. ಕೊನೆಗೆ ಮಾಡಿದ್ದೂ ಅದನ್ನೇ.

ಇನ್ನು ಕಾಯೋಣ ಅನ್ನೋ ನಿಮ್ಮ ಇಬ್ಬರು ಗೆಳೆಯರಿಗೆ ವರ್ಚುವಲ್‌ಬಾಕ್ಸ್ ಅನ್ನೋ ವಿಎಂ ಸಾಫ್ಟ್‌ವೇರಿನ ಕಥೆ ಹೇಳಿ. 2007ರ ಜನವರಿಯಲ್ಲಿ ಅದರ ಓಪನ್ ಸೋರ್ಸ್ ಆವೃತ್ತಿ ಬಂದಾಗ ಅದ್ರಲ್ಲಿ ಯುಎಸ್‌ಬಿ ಸಪೋರ್ಟೇ ಇರ್ಲಿಲ್ಲ, ಯುಎಸ್‌ಬಿ ಬೇಕಾದ್ರೆ ಸೋರ್ಸ್ ಕೊಡದ ಇನ್ನೊಂದು ಆವೃತ್ತಿ ತಗೋಬೇಕಿತ್ತು. 2010ರ ಕೊನೆಗೆ ಬಂದ 4.0ರಲ್ಲಿ ಯುಎಸ್‌ಬಿ 2.0 ಅನ್ನ ಎಕ್ಸ್‌ಟೆನ್ಷನ್ ಪ್ಯಾಕ್ ಅಂತ, ಅಂದ್ರೆ ಆಮೇಲೆ ಸೇರಿಸ್ಕೊಳ್ಳೋ ಪ್ಯಾಕೇಜಾಗಿ, ಬೇರೆ ಮಾಡಿದ್ರು, 2015ರಲ್ಲಿ 5.0 ಬಂದಾಗ ಯುಎಸ್‌ಬಿ 3.0 ಬಂತು, ಇವೆರಡೂ ಮೂಲ ಓಪನ್ ಸೋರ್ಸ್ ಪ್ಯಾಕೇಜಿಗೇ ಸೇರಿದ್ದು 2022ರ 7.0ರಲ್ಲಿ. ಅಂದ್ರೆ 15 ವರ್ಷ. ಅಷ್ಟು ವರ್ಷದಲ್ಲಿ ಎಷ್ಟು ಇಂಜಿನಿಯರಿಂಗ್ ಮಕ್ಕಳು ಅದ್ರಲ್ಲೇ ಮೊದಲ ಲಿನಕ್ಸ್ ಹಾಕಿ ಕಲ್ತಿದ್ದಾರೆ ಅಂತ ಯೋಚ್ನೆ ಮಾಡಿ, ಅವರಲ್ಲಿ ಹೆಚ್ಚಿನವರಿಗೆ ಪೆನ್‌ಡ್ರೈವ್ ಬೇಕಾಗೇ ಇರ್ಲಿಲ್ಲ.

ಮ್ಯಾಕ್ ಕಡೆ ಪ್ಯಾರಲಲ್ಸ್ ಅನ್ನೋ ವಿಎಂ ಸಾಫ್ಟ್‌ವೇರ್ ಮಾಡಿದ್ದೂ ಹಾಗೇ. 2006ರ ಜನವರಿಯಲ್ಲಿ ಆಪಲ್ ಇಂಟೆಲ್ ಚಿಪ್ಪಿನ ಮ್ಯಾಕ್ ತಂತು, ಏಪ್ರಿಲ್‌ನಲ್ಲಿ ಮ್ಯಾಕಲ್ಲಿ ವಿಂಡೋಸ್ ಹಾಕೋಕೆ ಬೂಟ್ ಕ್ಯಾಂಪ್ ಬೀಟಾ ಕೊಡ್ತು, ಆದ್ರೆ ಬೂಟ್ ಕ್ಯಾಂಪಲ್ಲಿ ವಿಂಡೋಸ್ ಬೇಕಾದಾಗಲೆಲ್ಲ ರೀಸ್ಟಾರ್ಟ್ ಮಾಡ್ಬೇಕಿತ್ತು. ಜೂನಲ್ಲಿ ಪ್ಯಾರಲಲ್ಸ್ ಬಂತು, ಎರಡೂ ಒಟ್ಟಿಗೆ ಓಡೋ ಹಾಗಾಯ್ತು. ಶುರುವಲ್ಲಿ ಯುಎಸ್‌ಬಿ 2.0 ವೇಗ ಇರ್ಲಿಲ್ಲ, ಅದು ಬಂದಿದ್ದು 2007ರಲ್ಲಿ. ಹಳೇ 1.1 ವೇಗ ಅಂದ್ರೆ ಸೆಕೆಂಡಿಗೆ 12 ಮೆಗಾಬಿಟ್, ಒಂದು ಜಿಬಿ ಕಾಪಿ ಆಗೋಕೆ ಲೆಕ್ಕದ ಪ್ರಕಾರವೇ 11 ನಿಮಿಷ, ನಿಜವಾಗಿ ಇನ್ನೂ ಜಾಸ್ತಿ. ಅದನ್ನ ತಗೊಂಡವರಿಗೆ ಬೇಕಿದ್ದದ್ದು ಮೇಲ್ ನೋಡ್ತಾನೇ ಪಕ್ಕದಲ್ಲಿ ವಿಂಡೋಸ್ ಪ್ರೋಗ್ರಾಂ ಓಡೋದು, ಅದು ಚೆನ್ನಾಗಿ ಆಗ್ತಿತ್ತು. ನಿಧಾನ ಅನ್ನೋದನ್ನ ಸಹಿಸ್ಬಹುದು, ಕಾಪಿ ಆಗಿದೆ ಅಂತ ತೋರ್ಸಿ ಆಗ್ದೇ ಇರೋದನ್ನ ಯಾರು ಸಹಿಸ್ತಾರೆ?

ಇದೆಲ್ಲಾ ಯಾಕಿಷ್ಟು ಕಷ್ಟ ಅನ್ನೋದು ನಿಮಗೆ ಗೊತ್ತು, ಬೇರೆ ಓದುಗರಿಗೆ ಸ್ವಲ್ಪ ಹೇಳ್ಬೇಕು. ವಿಎಂ ಒಳಗಿರೋ ವಿಂಡೋಸಿಗೆ ನಿಜವಾದ ಯುಎಸ್‌ಬಿ ಪೋರ್ಟ್ ಕಾಣಲ್ಲ, ಸಾಫ್ಟ್‌ವೇರ್ ಬರೆದವರು ಒಂದು ಯುಎಸ್‌ಬಿ ಕಂಟ್ರೋಲರ್ ಚಿಪ್ಪಿನ ವೇಷ ಹಾಕ್ಕೊಂಡು ಕೂತಿರ್ತಾರೆ. ಒಳಗಿನ ವಿಂಡೋಸ್ ಆ ಚಿಪ್ಪಿಗೆ ಏನು ಹೇಳುತ್ತೋ ಅದನ್ನ ಕೇಳಿಸ್ಕೊಂಡು ಹೊರಗಿನ ಸಿಸ್ಟಮ್ಮಿಗೆ ದಾಟಿಸ್ಬೇಕು, ಉತ್ತರ ವಾಪಸ್ ತಂದು ಕೊಡ್ಬೇಕು. ಅದಕ್ಕೂ ಮುಂಚೆ ಹೊರಗಿನ ಸಿಸ್ಟಮ್ ಆ ಪೆನ್‌ಡ್ರೈವನ್ನ ಕೈಬಿಡ್ಬೇಕು, ಹೊರಗಿನವನ ಪಾಲಿಗೆ ಅದು ಯಾರೋ ಬಂದು ಕಿತ್ಕೊಂಡು ಹೋದ ಹಾಗೆ. ಅಷ್ಟೊತ್ತಿಗೆ ಹೊರಗಿನವನು ಬರೀತಾ ಇದ್ದಿದ್ದು ಇನ್ನೂ ಕ್ಯಾಶೆಯಲ್ಲೇ, ಅಂದ್ರೆ ತಾತ್ಕಾಲಿಕ ಮೆಮೊರಿಯಲ್ಲೇ ಇದ್ರೆ ಆ ಫೈಲ್ ಕೆಡುತ್ತೆ. ನಿಮ್ಮದು ಒಂದ್ಸಲ ಕಾಣೋದು ಒಂದ್ಸಲ ಕಾಣ್ದೇ ಇರೋದೂ ಈ ಕೈ ಬದಲಾಯಿಸೋ ಹೊತ್ತಲ್ಲೇ ಇರ್ಬಹುದು, ಅಲ್ಲಿಂದ ಹುಡುಕೋಕೆ ಶುರು ಮಾಡಿ.

ವೆಬ್‌ಕ್ಯಾಮ್ ವಿಷ್ಯ ಬೇರೆ. ಪೆನ್‌ಡ್ರೈವ್, ಪ್ರಿಂಟರ್ ಇವು ಡೇಟಾ ತಡವಾದ್ರೂ ಕಾಯ್ತವೆ, ತಪ್ಪಿದ್ರೆ ಮತ್ತೆ ಕಳಿಸ್ತವೆ. ಕ್ಯಾಮೆರಾ, ಮೈಕು ಹಾಗಲ್ಲ, ಯುಎಸ್‌ಬಿ 2.0ರಲ್ಲಿ 125 ಮೈಕ್ರೋಸೆಕೆಂಡಿಗೊಂದು ಸರದಿ, ಆ ಸರದಿ ತಪ್ಪಿತೋ ಆ ತುಣುಕು ಹೋದ ಹಾಗೇ, ಮತ್ತೆ ಕಳಿಸೋ ಮಾತೇ ಇಲ್ಲ. ಒಳಗೊಂದು ಸಿಸ್ಟಮ್ಮು ಹೊರಗೊಂದು ಸಿಸ್ಟಮ್ಮು ಇರುವಾಗ ಆ ಸಮಯ ಹಿಡಿಯೋದು ದೊಡ್ಡ ದೊಡ್ಡವರಿಗೂ ಕಷ್ಟ. ಅದಕ್ಕೇ ಹೇಳ್ತೀನಿ, ಕ್ಯಾಮೆರಾ ಇಲ್ಲ ಅಂತ ಬರೆದು ಅದನ್ನ ಕೊನೆಗಿಡಿ, ಎಲ್ಲಾ ಮುಗಿಸಿಯೇ ಬಿಡೋಣ ಅಂತ ಕೂತ್ರೆ ನೀವು ಕ್ಯಾಮೆರಾ ಹತ್ರಾನೇ ವರ್ಷಗಟ್ಲೆ ಕೂತಿರ್ತೀರಿ, ಅಷ್ಟರಲ್ಲಿ ನಿಮ್ಮ ಕನ್ನಡ ಮೆನುವನ್ನ ಒಂದು ಮಗೂನೂ ನೋಡಿರಲ್ಲ.

ಪೆನ್‌ಡ್ರೈವ್ ತೆಗೆದ್ರೆ ಮೇಷ್ಟ್ರು ಫೈಲ್ ಹೇಗೆ ಒಳಗೆ ಹಾಕ್ಬೇಕು ಅಂತ ಕೇಳ್ತೀರಿ. ಪೆನ್‌ಡ್ರೈವನ್ನ ಹೊರಗಿನ ಸಿಸ್ಟಮ್ಮೇ ಇಟ್ಕೊಳ್ಲಿ, ಒಂದು ಫೋಲ್ಡರ್ ಹಂಚಿ ಸಾಕು. ಕ್ಯೂಇಎಂಯುದಲ್ಲಿ ಅದು ಆಗ್ಲೇ ಇದೆ, ಹೊರಗಡೆ ಸಾಂಬಾ ಅನ್ನೋ ಫೋಲ್ಡರ್ ಹಂಚೋ ಸಾಫ್ಟ್‌ವೇರ್ ಹಾಕಿದ್ರೆ ಒಳಗಿನ ವಿಂಡೋಸಿಗೆ ಆ ಫೋಲ್ಡರ್ 10.0.2.4 ಅನ್ನೋ ವಿಳಾಸದಲ್ಲಿ ನೆಟ್‌ವರ್ಕ್ ಫೋಲ್ಡರ್ ಥರ ಸಿಗುತ್ತೆ. ಪ್ರಿಂಟಿಗೂ ಅಷ್ಟೇ, ಪಿಡಿಎಫ್ ಮಾಡಿ ಅದೇ ಫೋಲ್ಡರಿಗೆ ಹಾಕಿ ಹೊರಗಿಂದ ಪ್ರಿಂಟ್ ತೆಗೀಲಿ.

ಇನ್ನೊಂದು, ಇದು ತುಂಬಾ ಮುಖ್ಯ. ಆಗದೇ ಇರೋದನ್ನ ಡೌನ್‌ಲೋಡ್ ಬಟನ್ನಿನ ಮೇಲೇ ಬರೀರಿ, ಅಷ್ಟೇ ದೊಡ್ಡ ಅಕ್ಷರದಲ್ಲಿ. ಮೈಕ್ರೋಸಾಫ್ಟ್ 2020ರ ಮೇನಲ್ಲಿ ವಿಂಡೋಸ್ ಒಳಗೆ ಲಿನಕ್ಸ್ ಓಡಿಸೋ ಡಬ್ಲ್ಯುಎಸ್‌ಎಲ್ 2 ಬಿಟ್ಟಾಗ ಒಳಗಿರೋ ಲಿನಕ್ಸಿಗೆ ಯುಎಸ್‌ಬಿ, ಸೀರಿಯಲ್ ಪೋರ್ಟ್ ಸಿಗಲ್ಲ ಅಂತ ತನ್ನ ಡಾಕ್ಯುಮೆಂಟಲ್ಲೇ ಹೇಳಿತ್ತು, ಹಳೇ ಡಬ್ಲ್ಯುಎಸ್‌ಎಲ್ 1 ಅನ್ನ ತೆಗೀಲೂ ಇಲ್ಲ, ಆರ್ಡುಇನೋ ಥರದ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್ ಇಟ್ಕೊಂಡವರು ಅದ್ರಲ್ಲೇ ಉಳ್ಕೊಂಡ್ರು. ಯುಎಸ್‌ಬಿಗೆ ದಾರಿ ಆದದ್ದು 2021ರ ನವೆಂಬರಲ್ಲಿ. ನೀವೂ ಸಾಫ್ಟ್‌ವೇರ್ ಒಳಗೇ ಒಂದು ಮಾತು ಸೇರ್ಸಿ: ಯಾರಾದ್ರೂ ವಿಎಂ ಓಡ್ತಿರುವಾಗ ಪೆನ್‌ಡ್ರೈವ್ ಹಾಕಿದ್ರೆ ಇದು ಇಲ್ಲಿ ಕೆಲಸ ಮಾಡಲ್ಲ, ಹಂಚಿದ ಫೋಲ್ಡರ್ ಬಳಸಿ ಅಂತ ಕನ್ನಡದಲ್ಲಿ ಬರ್ಲಿ. ಏನೂ ಹೇಳ್ದೇ ಸುಮ್ನಿದ್ರೆ ಮೇಷ್ಟ್ರು ಪೋರ್ಟೇ ಹಾಳಾಗಿದೆ ಅಂದ್ಕೋತಾರೆ, ಎದುರಿಗೆ ನಲ್ವತ್ತು ಮಕ್ಕಳು ಕೂತಿರ್ತಾರೆ.

ಪ್ರಶ್ನೆ: ಬೀಟಾ ಅಂತ ಹೆಸರಿಟ್ರೆ ಸಾಕಲ್ವಾ ಸರ್? ದುಡ್ಡು ತಗೊಂಡು ಮಾರೋರಿಗೂ ಇದೇ ನಿಯಮನಾ?
– ತುಮಕೂರಿನ ಓದುಗರು

ಉತ್ತರ: ಸಾಲದು. ಬೀಟಾ ಅಂದ್ರೆ ಏನೋ ಎಲ್ಲೋ ಕೆಡಬಹುದು ಅಂತ ಗೊತ್ತಾಗುತ್ತೆ ಅಷ್ಟೇ, ಏನು ಕೆಡುತ್ತೆ ಅಂತ ಗೊತ್ತಾಗಲ್ಲ. ದುಡ್ಡು ತಗೊಳ್ಳೋರು ಎರಡು ಕೆಲಸ ಮಾಡ್ಲೇಬೇಕು, ಕೊಳ್ಳೋಕೆ ಮುಂಚೆ ನಮ್ಮ ಸ್ವಂತ ಸಾಧನ ಹಾಕಿ ನೋಡೋಕೆ ಟ್ರಯಲ್ ಕೊಡ್ಬೇಕು, ಬಿಟ್ಟುಹೋಗಿರೋ ಸಪೋರ್ಟ್ ಆಮೇಲೆ ಬಂದಾಗ ಅದನ್ನ ಅಪ್‌ಡೇಟ್ ಅಂತಲೇ ಕೊಡ್ಬೇಕು, ಅದಕ್ಕೆ ಮತ್ತೆ ದುಡ್ಡು ಕೇಳ್ಬಾರ್ದು. ಡಿಸ್ಕಿನ ವಿಷ್ಯದಲ್ಲಿ ಮಾತ್ರ ನಾನು ಬೀಟಾನೂ ಒಪ್ಪಲ್ಲ. ಬರೆದಿದ್ದು ಡಿಸ್ಕಲ್ಲಿ ಉಳೀಲಿಲ್ಲ ಅಂದ್ರೆ ಅದನ್ನ ಉಚಿತವಾಗಿಯೂ ಹೊರಗೆ ಬಿಡ್ಬೇಡಿ.

ಪ್ರಶ್ನೆ: ನಾನು ಒಬ್ಬ ಆಡಿಟರ್ ಆಫೀಸಲ್ಲಿ ಕೆಲಸ ಮಾಡ್ತೀನಿ. ನನ್ನ ಲ್ಯಾಪ್‌ಟಾಪಲ್ಲಿ ಉಬುಂಟು ಲಿನಕ್ಸ್, ಅದ್ರೊಳಗೆ ವರ್ಚುವಲ್‌ಬಾಕ್ಸಲ್ಲಿ ವಿಂಡೋಸ್. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಹಾಕಿದ್ರೆ ಒಳಗೆ ಕಾಣೋದೇ ಇಲ್ಲ. ಒಂದ್ಸಲ ಕಾಣ್ತು, ಪಿನ್ ಹಾಕೋ ಹೊತ್ತಿಗೆ ಮಾಯ. ಟೋಕನ್ನೇ ಕೆಟ್ಟಿದ್ಯಾ?
– ದಾವಣಗೆರೆಯ ಓದುಗರು

ಉತ್ತರ: ಟೋಕನ್ ಕೆಟ್ಟಿರೋದು ಕಮ್ಮಿ ಅನ್ಸುತ್ತೆ, ಬೇರೆ ವಿಂಡೋಸ್ ಕಂಪ್ಯೂಟರಿಗೆ ಒಂದ್ಸಲ ಹಾಕಿ ನೋಡ್ಕೊಳ್ಳಿ. ಮೊದಲು ನಿಮ್ಮ ಉಬುಂಟು ಯೂಸರ್ ವಿಬಾಕ್ಸ್‌ಯೂಸರ್ಸ್ (vboxusers) ಅನ್ನೋ ಗ್ರೂಪಿನಲ್ಲಿ ಇದ್ದಾರಾ ನೋಡಿ, ಇಲ್ಲಾಂದ್ರೆ ಯುಎಸ್‌ಬಿ ಪಟ್ಟಿ ಖಾಲಿ ಬರುತ್ತೆ, ಸುಮಾರು ಜನ ಇಲ್ಲೇ ಸಿಕ್ಕಾಕ್ಕೊಳ್ಳೋದು. ಸೇರಿಸಿ ಆದ್ಮೇಲೆ ಲಾಗ್ ಔಟ್ ಆಗಿ ಬರ್ಬೇಕು, ನಾನಂತೂ ರೀಸ್ಟಾರ್ಟೇ ಮಾಡ್ತೀನಿ. ನಿಮ್ಮ ವರ್ಚುವಲ್‌ಬಾಕ್ಸ್ 7.0ಗಿಂತ ಹಳೇದಾಗಿದ್ರೆ ಯುಎಸ್‌ಬಿ 2.0ಗೆ ಅದೇ ನಂಬರಿನ ಎಕ್ಸ್‌ಟೆನ್ಷನ್ ಪ್ಯಾಕ್ ಬೇಕಾಗುತ್ತೆ, ಅದು ಸ್ವಂತ ಬಳಕೆಗೆ, ಕಲಿಕೆಗೆ ಮಾತ್ರ ಉಚಿತ, ಆಫೀಸ್ ಕೆಲಸಕ್ಕೆ ಲೈಸೆನ್ಸ್ ಬೇಕು, ಹಾಗಾಗಿ 7.0 ಅಥವಾ ಅದಕ್ಕಿಂತ ಹೊಸದಕ್ಕೆ ಹೋಗೋದೇ ವಾಸಿ. ಟೋಕನ್ನಿನ ಡ್ರೈವರ್ ಹಾಕ್ಬೇಕಾದ್ದು ಒಳಗಿನ ವಿಂಡೋಸಿಗೆ.

ಕಂಡು ಮಾಯ ಆಗೋದಕ್ಕೆ ಕಾರಣ ಬಹುಶಃ ಉಬುಂಟುವಿನ ಪಿಸಿಎಸ್‌ಸಿಡಿ (pcscd) ಅನ್ನೋ ಸರ್ವೀಸು, ಸ್ಮಾರ್ಟ್ ಕಾರ್ಡ್ ಥರದ್ದು ಏನೇ ಬಂದ್ರೂ ಅದು ಹಿಡ್ಕೊಳ್ಳೋಕೆ ನೋಡುತ್ತೆ, ಒಳಗಿನ ವಿಂಡೋಸೂ ಎಳೆಯುತ್ತೆ. ವಿಎಂ ಶುರು ಮಾಡೋಕೆ ಮುಂಚೆ ಆ ಸರ್ವೀಸನ್ನ ನಿಲ್ಲಿಸಿ ನೋಡಿ. ಟೋಕನ್ ಹಾಕಿರುವಾಗ ವಿಎಂ ಸೇವ್ ಸ್ಟೇಟ್ ಮಾಡಿ, ಅಂದ್ರೆ ಇದ್ದ ಸ್ಥಿತಿಯಲ್ಲೇ ನಿಲ್ಲಿಸಿ, ಮುಚ್ಬೇಡಿ, ಮತ್ತೆ ತೆರೆದಾಗ ಒಳಗಿನವನಿಗೆ ಟೋಕನ್ ಕಿತ್ತು ಹಾಕಿದ ಹಾಗೆ ಆಗಿರುತ್ತೆ.

ಒಂದು ಮಾತ್ರ ದಯವಿಟ್ಟು ಕೇಳಿ, ಟೋಕನ್ ಅರ್ಧಂಬರ್ಧ ಕಾಣ್ತಿರುವಾಗ ಪಿನ್ ಮೇಲೆ ಪಿನ್ ಒತ್ಬೇಡಿ. ಲೆಕ್ಕಕ್ಕಿಂತ ಜಾಸ್ತಿ ಸಲ ತಪ್ಪಾದ್ರೆ ಟೋಕನ್ ಲಾಕ್ ಆಗುತ್ತೆ, ಅದು ಕ್ಲೈಂಟಿನ ಸಹಿ, ನಿಮ್ಮದಲ್ಲ. ಅದರ ಖಾಸಗಿ ಕೀ ಟೋಕನ್ ಒಳಗಿಂದ ಹೊರಗೆ ಬರಲ್ಲ, ಹಾಗಾಗಿ ಕಾಪಿ ಇಟ್ಕೊಂಡು ಬಚಾವಾಗೋ ದಾರಿ ಇಲ್ಲ, ಹೊಸ ಸರ್ಟಿಫಿಕೇಟೇ ಮಾಡಿಸ್ಬೇಕಾಗಿ ಬರಬಹುದು. ಈ ಪ್ರಯೋಗ ಎಲ್ಲಾ ಕೆಲಸ ಕಮ್ಮಿ ಇರೋ ತಿಂಗಳಲ್ಲಿ ನಿಮ್ಮ ಸ್ವಂತ ಟೋಕನ್ ಇದ್ರೆ ಅದ್ರಲ್ಲಿ ಮಾಡಿ, ಡ್ಯೂ ಡೇಟ್ ಹತ್ರ ಬಂದಾಗ ಆಫೀಸಿನ ವಿಂಡೋಸ್ ಕಂಪ್ಯೂಟರಲ್ಲೇ ಸಹಿ ಹಾಕಿ.