ಹೆಬ್ಬೆರಳು ತೆಗೆದು ಎಳೆದು ನೋಡಿ: ಪಿಂಚ್ ಹೋಲ್ಡ್ ಬಗ್ಗೆ ನಾಲ್ಕು ಪ್ರಶ್ನೆ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಹಾಗಾಗಿ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಬಂಡೆ ಹತ್ತುವ ಅಭ್ಯಾಸಕ್ಕೆ ಕಟ್ಟುವ ಗೋಡೆಯನ್ನು ನೋಡದವರಿಗೆ ಮೊದಲು ಒಂದು ಮಾತು. ಆ ಗೋಡೆಗೆ ಬೋಲ್ಟ್ ಹಾಕಿ ಕೂರಿಸುವ ಹಿಡಿಕೆಗೆ ಹೋಲ್ಡ್ ಅನ್ನುತ್ತಾರೆ. ಒಂದು ಕಡೆ ನಾಲ್ಕು ಬೆರಳು, ಎದುರು ಕಡೆ ಹೆಬ್ಬೆರಳು ಇಟ್ಟು ಹಿಸುಕಿ ಹಿಡಿಯುವ ಹೋಲ್ಡಿಗೆ ಪಿಂಚ್ ಅನ್ನುತ್ತಾರೆ. ನೆಲದ ಮೇಲಿನ ಇಟ್ಟಿಗೆಯನ್ನು ಮೇಲಿನಿಂದ ಒಂದೇ ಕೈಯಲ್ಲಿ ಹಿಡಿದು ಎತ್ತಿದ್ದೀರಾ? ಅದೇ ಪಿಂಚ್.

ಪ್ರಶ್ನೆ: ನಾನು, ಇಬ್ಬರು ಗೆಳೆಯರು ಸೇರಿ ಬೈತಖೋಲ ಬಂದರಿನ ಹತ್ತಿರ ಹಳೆಯ ಗೋದಾಮಿನಲ್ಲಿ 8 ಅಡಿ ಅಗಲ, 12 ಅಡಿ ಎತ್ತರದ ಗೋಡೆ ಕಟ್ಟಿದ್ದೇವೆ. 30 ಡಿಗ್ರಿ ಮುಂದಕ್ಕೆ ವಾಲಿದೆ. ಆನ್‌ಲೈನ್‌ನಲ್ಲಿ ಹತ್ತು ಪಿಂಚ್ ತರಿಸಿದೆವು. ಒಂದೇ ಹೋಲ್ಡ್ ಒಂದು ದಿನ ಸುಲಭ ಅನ್ನಿಸುತ್ತದೆ, ಮರುದಿನ ಕೈಯೇ ನಿಲ್ಲುವುದಿಲ್ಲ. ಯಾವುದು ಒಳ್ಳೆಯದು ಅಂತ ಪರೀಕ್ಷೆ ಮಾಡುವುದು ಹೇಗೆ? (ಕಾರವಾರದ ಓದುಗರು)

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ನಮ್ಮ ಕರಾವಳಿಯಲ್ಲಿ ಇಂಥ ಗೋಡೆಗಳು ಇನ್ನೂ ಬೇಕು.

ಗೋಡೆಗೆ ಹಾಕುವ ಮೊದಲೇ ಅರ್ಧ ಪರೀಕ್ಷೆ ಮುಗಿಯಬೇಕು. ಹೋಲ್ಡಿನ ಬೆನ್ನು ಕೆಳಗೆ ಮಾಡಿ ಗಾಜಿನ ಮೇಲೋ ಗ್ರಾನೈಟ್ ಕಟ್ಟೆಯ ಮೇಲೋ ಇಡಿ. ಅಲುಗಾಡಿದರೆ ಅದರ ಬೆನ್ನು ಸಮ ಇಲ್ಲ ಅಂತ ಅರ್ಥ. ಅಂಥದ್ದನ್ನು ಬಿಗಿ ಮಾಡಿದಾಗ ಒಂದು ಕಡೆಗೇ ಒತ್ತಡ ಬಿದ್ದು ಬಿರುಕು ಬಿಡುತ್ತದೆ. ಪಾಲಿಯುರೆಥೇನ್ ಹೋಲ್ಡ್ ಸ್ವಲ್ಪ ಬಗ್ಗಿ ತಾಳಿಕೊಳ್ಳುತ್ತದೆ. ಪಾಲಿಯೆಸ್ಟರ್ ರಾಳದ್ದು ಹಾಗಲ್ಲ, ಒಡೆಯುತ್ತದೆ. ಆಮೇಲೆ ಬೋಲ್ಟ್ ತಿರುಗಿಸುವ ಅಲನ್ ಕೀಯಿಂದ ಮೆಲ್ಲಗೆ ತಟ್ಟಿ ಕೇಳಿ. ಮಡಕೆ ಕೊಳ್ಳುವಾಗ ಬೆರಳಿಂದ ತಟ್ಟಿ ನೋಡುತ್ತೇವಲ್ಲ, ಹಾಗೆಯೇ. ಒಂದೇ ಬಗೆಯ ಹತ್ತರಲ್ಲಿ ಒಂದರ ಸದ್ದು ಮಾತ್ರ ಮಂದವಾಗಿ ಬಂದರೆ, ಬೋಲ್ಟ್ ತೂತಿನ ಸುತ್ತ ಕೂದಲೆಳೆಯ ಬಿರುಕು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ.

ಆನ್‌ಲೈನ್‌ನಲ್ಲಿ ತರಿಸಿದ್ದೀರಿ ಅಂದಿದ್ದಕ್ಕೆ ಇದನ್ನೂ ಹೇಳಬೇಕು. ಬೋಲ್ಟುಗಳಲ್ಲಿ ಎರಡು ಅಳತೆ ಚಾಲ್ತಿಯಲ್ಲಿವೆ. ಯುರೋಪಿನದ್ದು ಎಂ10, ಅಂದರೆ 10 ಮಿ.ಮೀ. ಅಮೆರಿಕದ್ದು 3/8 ಇಂಚು, ಅಂದರೆ ಸುಮಾರು 9.5 ಮಿ.ಮೀ. ಮರೆಯ, ಅಂದರೆ ಬೋಲ್ಟಿನ ಮೈಮೇಲಿನ ತಿರುಪು ಗೆರೆಗಳ ಅಂತರವೂ ಹೆಚ್ಚುಕಡಿಮೆ ಒಂದೇ. ಅದಕ್ಕೇ 3/8 ಬೋಲ್ಟ್ ಎಂ10 ಟಿ-ನಟ್‌ಗೆ (ಗೋಡೆಯ ಹಲಗೆಯ ಹಿಂದೆ ಕೂರಿಸುವ ನಟ್) ಸಲೀಸಾಗಿ ಇಳಿಯುತ್ತದೆ, ಕೂತ ಹಾಗೆಯೇ ಕಾಣುತ್ತದೆ. ಆದರೆ ಅದು ಸಡಿಲ. ಭಾರ ಬಿದ್ದ ದಿನ ಮರೆ ಕಿತ್ತು ಹೊರಗೆ ಬರಬಹುದು. ಎಂ10 ಬೋಲ್ಟನ್ನು 3/8 ನಟ್‌ಗೆ ಹಾಕಿದರೆ ಕೆಲವು ಸುತ್ತಿಗೇ ಕಚ್ಚಿಕೊಳ್ಳುತ್ತದೆ. ಮೊದಲ ನಾಲ್ಕೈದು ಸುತ್ತು ಯಾವಾಗಲೂ ಬರಿಗೈಯಲ್ಲೇ ತಿರುಗಿಸಿ. ಸುಲಭವಾಗಿ ಹೋಗಬೇಕು, ಆದರೆ ಲಟಪಟ ಅನ್ನಬಾರದು. ಕೀ ಹಿಡಿಯುವುದು ಆಮೇಲೆ.

ಇನ್ನು ತಿರುಗುವ ಸಮಸ್ಯೆ. ಪಿಂಚ್ ಉದ್ದಕ್ಕೆ ಇರುತ್ತದೆ, ಹಿಡಿದಿರುವುದು ಒಂದೇ ಬೋಲ್ಟ್. ತುದಿ ಹಿಡಿದು ಪಕ್ಕಕ್ಕೆ ಎಳೆದರೆ ಸನ್ನೆಕೋಲಿನ ಹಾಗೆ ಕೆಲಸ ಮಾಡುತ್ತದೆ. ಶಿರಸಿಯಲ್ಲಿ ನನ್ನ ಮೊದಲ ಗೋಡೆಯ ಮೇಲೆ ಹೀಗೆಯೇ ಒಂದು ಪಿಂಚ್ ಗಿರ್ರನೆ ತಿರುಗಿತು. ನಾನು ಮ್ಯಾಟಿನ ಅಂಚಿಗೆ ಬಿದ್ದೆ. ಎರಡು ತಿಂಗಳು ಬಲಗೈ ತಲೆಯ ಮೇಲೆ ಎತ್ತಲು ಆಗಲಿಲ್ಲ. ಆ ಹೋಲ್ಡಿನ ಪಕ್ಕದಲ್ಲಿ ಸ್ಕ್ರೂ ತೂತು ಇತ್ತು, ನಾನು ಹಾಕಿರಲಿಲ್ಲ. ದಯವಿಟ್ಟು ನೀವು ಹಾಕಿ. ಮರಕ್ಕೆ ಹಾಕುವ ಒಂದು ಸ್ಕ್ರೂ ಸಾಕು, ಹೋಲ್ಡ್ ಜಾಗ ಬಿಟ್ಟು ಕದಲುವುದಿಲ್ಲ. ಹಾಕಿದ ಮೇಲೆ ಎರಡೂ ತುದಿಗಳನ್ನು ಅಂಗೈಯಿಂದ ಜೋರಾಗಿ ಪಕ್ಕಕ್ಕೆ ತಳ್ಳಿ ನೋಡಿ. ಮೊದಲ ಸಲ ಹಾಕುವ ಹೋಲ್ಡನ್ನು ನೆಲದಿಂದ ಒಂದಡಿ ಮೇಲೆ ಕೂರಿಸಿ, ಕಾಲಿಟ್ಟು ನಿಂತು, ಮೆಲ್ಲಗೆ ಕುಪ್ಪಳಿಸಿ ನೋಡುವುದು ನನ್ನ ಅಭ್ಯಾಸ. ಕೈಯಿಂದ ನೇತಾಡುವುದು ಆಮೇಲೆ.

ಈಗ ನಿಜವಾದ ಪರೀಕ್ಷೆ. ಹೋಲ್ಡ್ ತಲೆಯ ಎತ್ತರಕ್ಕಿರಲಿ. ಅದರ ನೇರ ಕೆಳಗೆ ಮನೆಯಲ್ಲಿರುವ ತೂಕದ ಯಂತ್ರ ಇಡಿ. ಯಂತ್ರದ ಮೇಲೆ ನಿಂತು, ಒಂದು ಕೈಯಿಂದ ಹೋಲ್ಡ್ ಹಿಡಿದು, ನಿಧಾನಕ್ಕೆ ಕೆಳಕ್ಕೆ ಎಳೆಯಿರಿ. 64 ಕಿಲೋ ಇದ್ದವರ ತೂಕ 45 ತೋರಿಸಿದರೆ ಆ ಕೈ 19 ಕಿಲೋ ಹೊತ್ತಿದೆ. 5 ಸೆಕೆಂಡ್ ಹಿಡಿಯಿರಿ. ಮೂರು ಸಲ ಮಾಡಿ, ನಡುವೆ 3 ನಿಮಿಷ ಬಿಡುವು ಕೊಡಿ. ಗೆಳೆಯರೊಬ್ಬರು ಅಂಕಿ ನೋಡಿ ಬರೆದುಕೊಳ್ಳಲಿ. ನೀವೇ ತಲೆ ಬಗ್ಗಿಸಿ ನೋಡಿದರೆ ಎಳೆತ ಬದಲಾಗುತ್ತದೆ.

ಆಮೇಲೆ ಹೆಬ್ಬೆರಳು ತೆಗೆದು ಅದನ್ನೇ ಮಾಡಿ. ಎಲ್ಲ ಪರೀಕ್ಷೆಗಳಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದು. ಹೆಬ್ಬೆರಳು ಸೇರಿದಾಗ 19 ಕಿಲೋ, ಇಲ್ಲದಾಗ 17 ಬಂದರೆ ಆ ಹೋಲ್ಡ್ ನಿಮ್ಮ ಗೋಡೆಯಲ್ಲಿ ಪಿಂಚ್ ಅಲ್ಲ. ನಾಲ್ಕು ಬೆರಳಿಗೆ ಎಲ್ಲೋ ಒಂದು ಅಂಚು ಸಿಕ್ಕಿದೆ, ಹೆಬ್ಬೆರಳು ಸುಮ್ನೆ ಕೂತಿದೆ. ಸೇರಿದಾಗ 19, ಇಲ್ಲದಾಗ 6 ಬಂದರೆ ಅದು ನಿಜವಾದ ಪಿಂಚ್. ಪಿಂಚ್ ಅಂತ ಮಾರುವ ಹೋಲ್ಡುಗಳಲ್ಲಿ ಮೊದಲ ಜಾತಿಯವೂ ಸಾಕಷ್ಟು ಇರುತ್ತವೆ. ಅವು ಕೆಟ್ಟವಲ್ಲ. ಆದರೆ ಹೆಬ್ಬೆರಳಿನ ಬಲ ಬೆಳೆಸುತ್ತೇನೆ ಅಂತ ವರ್ಷವಿಡೀ ಅವುಗಳ ಮೇಲೆ ನೇತಾಡಿದರೆ ಬೆಳೆಯುವುದು ಉಳಿದ ನಾಲ್ಕು ಬೆರಳು.

ಒಂದೇ ಹೋಲ್ಡನ್ನು ತಿರುಗಿಸಿ ಹಾಕಿದರೂ ಉತ್ತರ ಬದಲಾಗುತ್ತದೆ. ನೆಟ್ಟಗೆ ಹಾಕಿದಾಗ ಕೆಳಗೆ ಹೋದ ಹಾಗೆ ದಪ್ಪವಾಗುತ್ತಿದ್ದರೆ ಕೈ ಜಾರುತ್ತಾ ಹೋಗಿ ಸಿಕ್ಕಿಕೊಳ್ಳುತ್ತದೆ, ಸುಲಭ. ಅದನ್ನೇ ತಲೆಕೆಳಗು ಮಾಡಿದರೆ ಕೆಳಗೆ ಸಣ್ಣಗಾಗಿ ಕೈ ಜಾರಿಯೇ ಹೋಗುತ್ತದೆ. ನಿಮ್ಮ ಗೋಡೆ 30 ಡಿಗ್ರಿ ವಾಲಿದೆ, ಅಂದರೆ ದೇಹದ ಭಾರ ಹೋಲ್ಡನ್ನು ಗೋಡೆಯಿಂದ ಹೊರಕ್ಕೂ ಎಳೆಯುತ್ತದೆ. ಅಲ್ಲಿ ಪಕ್ಕದ ಮುಖಗಳು ಹೊರಗೆ ಬಂದ ಹಾಗೆ ಕಿರಿದಾಗಿದ್ದರೆ ಬಹಳ ಕಷ್ಟ. ನೆಟ್ಟಗಿನ ಗೋಡೆಯಲ್ಲಿ ಮಾಡಿದ ಪರೀಕ್ಷೆಯನ್ನು ವಾಲಿದ ಗೋಡೆಗೆ ನಂಬಬೇಡಿ.

ಅಗಲದ ಬಗ್ಗೆಯೂ ಒಂದು ಮಾತು. ಪೆಟ್ಟಿಗೆ ಮೇಲೆ 'ಮೀಡಿಯಂ' ಅಂತ ಬರೆದಿರುವುದು ಇನ್ಯಾರದೋ ಕೈಯ ಲೆಕ್ಕ. ಸ್ಕೇಲ್ ಹಿಡಿದು ಅಳೆಯಿರಿ. 3 ಸೆಂ.ಮೀ., 6 ಸೆಂ.ಮೀ., 9 ಸೆಂ.ಮೀ. ಅಂತ ಹಿಂದೆ ಮಾರ್ಕರ್‌ನಲ್ಲಿ ಬರೆದಿಡಿ. ಸಣ್ಣ ಕೈಯವರಿಗೆ 9 ಸೆಂ.ಮೀ. ಹೋಲ್ಡಿನಲ್ಲಿ ಹೆಬ್ಬೆರಳು ಪೂರ್ತಿ ಚಾಚಿಹೋಗಿ ಹಿಸುಕುವ ಬಲವೇ ಉಳಿಯುವುದಿಲ್ಲ. ಅವರಿಗೆ ಅದು ಪಿಂಚ್ ಅಲ್ಲ, ನುಣುಪು ಬಂಡೆ.

ಕೊನೆಗೆ ನಿಮ್ಮ ಮೂಲ ಪ್ರಶ್ನೆ. ಒಂದು ದಿನ ಸುಲಭ, ಮರುದಿನ ಕಷ್ಟ ಯಾಕೆ? ಪಿಂಚ್ ನಿಂತಿರುವುದೇ ಘರ್ಷಣೆಯ ಮೇಲೆ. ಎರಡೂ ಕಡೆಯಿಂದ 20 ಕಿಲೋ ಬಲದಲ್ಲಿ ಹಿಸುಕುತ್ತೀರಿ, ಚರ್ಮದ ಹಿಡಿತ ಅದರ ಅರ್ಧ ಅಂತ ಇಟ್ಟುಕೊಳ್ಳಿ. ಈ ಕಡೆ 10, ಆ ಕಡೆ 10, ಒಟ್ಟು 20 ಕಿಲೋ ತಾಳುತ್ತದೆ. ಕೈ ಬೆವೆತು ಹಿಡಿತ ಕಾಲು ಭಾಗಕ್ಕೆ ಇಳಿದರೆ, ಅಷ್ಟೇ ಹಿಸುಕಿದರೂ ತಾಳುವುದು 10 ಕಿಲೋ. ನಿಮ್ಮ ಬಲ ಎಲ್ಲೂ ಹೋಗಿಲ್ಲ, ಅಲ್ವಾ? ಕಾರವಾರದ ಗಾಳಿ ಅದನ್ನು ತಿಂದಿದೆ.

ಇದಕ್ಕೆ ನಾನು ಮಾಡುವ ಉಪಾಯ ಹೇಳುತ್ತೇನೆ. ಒಂದು ಪಿಂಚನ್ನು 'ಅಳತೆ ಹೋಲ್ಡ್' ಅಂತ ಇಟ್ಟುಕೊಳ್ಳಿ. ಅದನ್ನು ಯಾವತ್ತೂ ಬಿಚ್ಚಬೇಡಿ, ತಿರುಗಿಸಬೇಡಿ. ಪರೀಕ್ಷೆಯ ದಿನ ಮೈ ಬಿಸಿ ಮಾಡಿಕೊಂಡು ಮೊದಲು ಅದರ ಮೇಲೆ ತೂಕದ ಪರೀಕ್ಷೆ ಮಾಡಿ. ಕಳೆದ ವಾರ 20 ಇದ್ದದ್ದು ಇವತ್ತು 14 ಬಂದರೆ, ಹೊಸ ಹೋಲ್ಡುಗಳಿಗೆ ಇವತ್ತು ಮಾರ್ಕು ಕೊಡಬೇಡಿ. ತಪ್ಪು ಹವೆಯದ್ದೋ ನಿಮ್ಮ ದಣಿವಿನದ್ದೋ ಇರುತ್ತದೆ. ಅಳತೆ ಹೋಲ್ಡ್ 20 ತೋರಿಸಿ ಹೊಸದು ಮಾತ್ರ ಕೈಕೊಟ್ಟರೆ, ಆಗ ಹೊಸದರದ್ದೇ ಗುಣ. ತೇವ ತೋರಿಸುವ ಪುಟ್ಟ ಮೀಟರ್ ಕಡಿಮೆ ಬೆಲೆಗೆ ಸಿಗುತ್ತದೆ, ಅದರ ಅಂಕಿಯನ್ನೂ ಪಕ್ಕದಲ್ಲೇ ಬರೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋದಾಮಿನ ಗೋಡೆಯೇ ಬೆವರುತ್ತದೆ, ಬೆವರಿಗೆಂದು ಕೈಗೆ ಹಚ್ಚುವ ಚಾಕ್ ಪುಡಿ ಹೋಲ್ಡಿನ ಮೇಲೆ ಹಳೆಯದಾಗಿ ನೀರು ಹೀರಿ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಪ್ರತಿ ಪ್ರಯತ್ನಕ್ಕೂ ಮೊದಲು ಬ್ರಷ್ ಹೊಡೆಯಿರಿ. ತಿಂಗಳಿಗೊಮ್ಮೆ ಅಳತೆ ಹೋಲ್ಡ್ ಬಿಟ್ಟು ಉಳಿದ ಪ್ಲಾಸ್ಟಿಕ್ ಹೋಲ್ಡುಗಳನ್ನು ಬಿಚ್ಚಿ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಒಂದು ಫ್ಯಾನ್ ಗೋಡೆಯ ಕಡೆಗೇ ತಿರುಗಿರಲಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಗಾಳಿ ಒಣಗಿರುತ್ತದೆ. ಹೋಲ್ಡುಗಳ ಹೋಲಿಕೆಗೆ ಅದೇ ಒಳ್ಳೆಯ ಕಾಲ.

ಬಂದರಿನ ಹತ್ತಿರ ಅಂದಿರಿ. ಉಪ್ಪು ಗಾಳಿಗೆ ಸಾದಾ ಬೋಲ್ಟ್ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತರಿಸಿ. ಟಿ-ನಟ್ ಕೂಡ ಸ್ಟೇನ್‌ಲೆಸ್ ಆದರೆ ಮರೆಗೆ ಚೂರು ಗ್ರೀಸ್ ಹಚ್ಚಿ. ಸ್ಟೇನ್‌ಲೆಸ್‌ಗೆ ಸ್ಟೇನ್‌ಲೆಸ್ ಉಜ್ಜಿದರೆ ಒಂದಕ್ಕೊಂದು ಕಚ್ಚಿಕೊಂಡು ಮತ್ತೆ ಬಿಚ್ಚಲು ಬರುವುದಿಲ್ಲ. ಗ್ರೀಸ್ ಹೋಲ್ಡಿಗೆ ತಾಗದಂತೆ ನೋಡಿಕೊಳ್ಳಿ.

ಪ್ರಶ್ನೆ: ಮಗನಿಗೆ 13 ವರ್ಷ. ಶಿರಸಿಯ ಮನೆಯ ಅಟ್ಟದಲ್ಲಿ ಸಣ್ಣ ಗೋಡೆ ಮಾಡಿಕೊಟ್ಟಿದ್ದೇವೆ. ಪಿಂಚ್ ಮೇಲೆ ದಿನಾ ನೇತಾಡುತ್ತಾನೆ. ಹದಿನೈದು ದಿನದಿಂದ ಹೆಬ್ಬೆರಳಿನ ಬುಡ ನೋವು ಅನ್ನುತ್ತಿದ್ದಾನೆ. ಅಡಿಕೆ ಸುಲಿಯುವಾಗಲೂ ನೋವಂತೆ. ಏನು ಮಾಡಲಿ? (ಶಿರಸಿ ತಾಲೂಕಿನ ತಾಯಿ)

ಉತ್ತರ: ಅಮ್ಮಾ, ಮೊದಲು ಪಿಂಚ್ ನಿಲ್ಲಿಸಿ. ಅಡಿಕೆ ಸುಲಿಯುವುದನ್ನೂ ಸದ್ಯಕ್ಕೆ ಬಿಡಿಸಿ. ಸುಲಿಯುವಾಗ ದುಡಿಯುವುದೂ ಅದೇ ಹೆಬ್ಬೆರಳು, ಪಿಂಚ್‌ನಲ್ಲಿ ದುಡಿಯುವುದೂ ಅದೇ. ಎರಡೂ ಸೇರಿ ಅದಕ್ಕೆ ಬಿಡುವೇ ಸಿಕ್ಕಿಲ್ಲ. ಮೊಬೈಲ್ ಒತ್ತುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈ ವಯಸ್ಸಿನ ಮಕ್ಕಳ ಮೂಳೆಯ ತುದಿಯಲ್ಲಿ ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತದೆ. ಜಾಸ್ತಿ ಎಳೆದರೆ ದೊಡ್ಡವರಿಗೆ ಸ್ನಾಯುವಿನ ದಾರ ನೋಯುವ ಕಡೆ ಮಕ್ಕಳಿಗೆ ಆ ಮೂಳೆಯ ಭಾಗಕ್ಕೇ ಪೆಟ್ಟಾಗಬಹುದು. ಹದಿನೈದು ದಿನ ಆಗಿದೆ ಅಂದರೆ ಇನ್ನು ಕಾಯಬೇಡಿ, ಮೂಳೆ ವೈದ್ಯರಿಗೆ ತೋರಿಸಿ. ಅವನು ಬಂಡೆ ಹತ್ತುವ ಅಭ್ಯಾಸ ಮಾಡುತ್ತಾನೆ ಅಂತ ಅವರಿಗೆ ಬಿಡಿಸಿ ಹೇಳಿ. ಬೆರಳಿನ ನಡುವಿನ ಗಂಟು ಊದಿದ್ದರೆ ಅದನ್ನೂ ಮರೆಯದೆ ತೋರಿಸಿ.

ಗುಣವಾದ ಮೇಲೆ ಅವನು ಹತ್ತಬಾರದು ಅಂತ ನಾನು ಖಂಡಿತ ಹೇಳುವುದಿಲ್ಲ. ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಡುವು, ದೊಡ್ಡ ಹಿಡಿಕೆಗಳ ಮೇಲೆ ಬಗೆಬಗೆಯಾಗಿ ಹತ್ತಲಿ, ಕಾಲು ಇಡುವುದನ್ನು ಕಲಿಯಲಿ. ಸೊಂಟಕ್ಕೆ ಭಾರ ಕಟ್ಟಿಕೊಂಡು ನೇತಾಡುವುದು, ಮೇಲೆ ಹೇಳಿದ ತೂಕದ ಪರೀಕ್ಷೆ ಎರಡೂ ಅವನಿಗೆ ಈಗ ಬೇಡ. ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡರನ್ನು ನೋಡಿ. ಅಡಿಕೆ ಮರದ ಮೇಲೆ ಅವರ ಭಾರ ಹೊರುವುದು ಹೆಚ್ಚಾಗಿ ಕಾಲು, ಕೈಯಲ್ಲ. ಮಗನಿಗೆ ಒಮ್ಮೆ ಅಡಿಕೆ ಕೊನೆ ಕೊಯ್ಯುವ ದಿನ ನಿಂತು ಅದನ್ನು ಗಮನಿಸಲು ಹೇಳಿ.

ಪ್ರಶ್ನೆ: ನಾನು ಕುಮಟಾದಲ್ಲಿ ಮರಗೆಲಸ ಮಾಡುತ್ತೇನೆ. ಹುಡುಗರು ಮರದ ಪಿಂಚ್ ಮಾಡಿಕೊಡಿ ಅನ್ನುತ್ತಾರೆ. ಯಾವ ಮರ, ಹೇಗೆ? (ಕುಮಟಾದ ಓದುಗರು)

ಉತ್ತರ: ಖಂಡಿತ ಮಾಡಿಕೊಡಿ. ಮರದ ಹೋಲ್ಡ್ ಚರ್ಮಕ್ಕೆ ಹಿತ, ಅದರ ಮೇಲೆ ಜಾಸ್ತಿ ಹೊತ್ತು ಅಭ್ಯಾಸ ಮಾಡಬಹುದು. ಮರದ ವಿಷಯದಲ್ಲಿ ನನಗಿಂತ ನಿಮಗೆ ಹೆಚ್ಚು ಗೊತ್ತು. ಹಾಗಾಗಿ ಹತ್ತುವವನ ಕಡೆಯಿಂದ ಮಾತ್ರ ಹೇಳುತ್ತೇನೆ. ಹಲಸು, ಮಾವು ಸಾಕು, ಚೆನ್ನಾಗಿ ಒಣಗಿರಬೇಕು. ಸಾಗವಾನಿಯಲ್ಲಿ ಎಣ್ಣೆಯ ಅಂಶ ಇರುವುದರಿಂದ ನನಗೆ ಅದು ಜಾರುವ ಹಾಗೆ ಅನ್ನಿಸುತ್ತದೆ. ಮರದ ಎಳೆ ಹೋಲ್ಡಿನ ಉದ್ದಕ್ಕೆ ಇರಲಿ. ಗಂಟು ಇರುವ ತುಂಡು ಬೇಡ. ಎಂ10 ಬೋಲ್ಟಿಗೆ 11 ಮಿ.ಮೀ. ತೂತು ಕೊರೆಯಿರಿ. ತಲೆ ಕೂರುವ ಗುಣಿಯಲ್ಲಿ ವಾಷರ್ ಹಾಕಿ, ಅದರ ಕೆಳಗೆ ಕನಿಷ್ಠ 20 ಮಿ.ಮೀ. ಮರ ಉಳಿಯಲಿ. ಪಕ್ಕದಲ್ಲಿ ತಿರುಗದಂತೆ ತಡೆಯುವ ಸ್ಕ್ರೂಗೂ ತೂತು ಬಿಡಿ. ಅಂಚುಗಳನ್ನು ದುಂಡಗೆ ಮಾಡಿ.

ಕೈತಪ್ಪುವುದು ಕೊನೆಯ ಹಂತದಲ್ಲಿ. ಒಳ್ಳೆಯ ಕೆಲಸಗಾರರಿಗೆ ಮರ ಹೊಳೆಯುವ ತನಕ ಉಜ್ಜಬೇಕು ಅನ್ನಿಸುತ್ತದೆ. ಇಲ್ಲಿ 120 ನಂಬರ್ ಪಾಲಿಶ್ ಪೇಪರಿಗೆ ನಿಲ್ಲಿಸಿ, ಹೆಚ್ಚೆಂದರೆ 180. ವಾರ್ನಿಶ್, ಎಣ್ಣೆ, ಮೇಣ ಯಾವುದೂ ಬೇಡ. 4, 6, 8 ಸೆಂ.ಮೀ. ಅಗಲದ್ದು ಎರಡೆರಡು ಮಾಡಿ. ಎರಡೂ ಕೈಗೆ ಒಂದೇ ಅಳತೆ ಸಿಕ್ಕಿದರೆ ಹುಡುಗರ ಪರೀಕ್ಷೆ ನಿಜಕ್ಕೂ ಸರಿಯಾಗುತ್ತದೆ. ಗೋಡೆಯ ಹಲಗೆಯನ್ನೂ ನೀವೇ ಹಾಕುವುದಾದರೆ 18 ಮಿ.ಮೀ.ಗಿಂತ ತೆಳು ಬೇಡ, ಮರೈನ್ ಪ್ಲೈವುಡ್ ತೆಗೆದುಕೊಳ್ಳಿ. ನಮ್ಮ ಮಳೆಗೆ ಸಾದಾ ಪ್ಲೈ ಪದರ ಬಿಡುತ್ತದೆ, ಟಿ-ನಟ್ ಸಡಿಲವಾಗುತ್ತದೆ.

ಪ್ರಶ್ನೆ: ಗೋಡೆ ಯಾಕೆ, ಹತ್ತಿರದಲ್ಲೇ ಯಾಣದ ಬಂಡೆ ಇದೆಯಲ್ಲ? (ಅಂಕೋಲಾದ ಓದುಗರು)

ಉತ್ತರ: ಬೇಡ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಅದು ಪೂಜೆ ನಡೆಯುವ ಜಾಗ. ಸುಣ್ಣಕಲ್ಲಿನ ಅಂಚು ಚರ್ಮ ಸೀಳುವಷ್ಟು ಚೂಪು, ಮೇಲೆ ಹೆಜ್ಜೇನು ಗೂಡುಗಳು ನೇತಾಡುತ್ತಿರುತ್ತವೆ. ನಿಜವಾದ ಬಂಡೆ ಮುಟ್ಟಬೇಕು ಅನ್ನಿಸಿದರೆ ಚಳಿಗಾಲದಲ್ಲಿ ಬಾದಾಮಿಗೆ ಹೋಗಿ. ಅಲ್ಲಿಯ ಕೆಂಪು ಮರಳುಗಲ್ಲಿನ ಮೇಲೆ ಬೋಲ್ಟ್ ಹಾಕಿದ ದಾರಿಗಳಿವೆ. ಮೊದಲ ಸಲ ಅನುಭವಿಗಳ ಜೊತೆಗೇ ಹೋಗಿ.